‘ವಿಮರ್ಶಕರು ಅಭಿಪ್ರಾಯಪಟ್ಟಿದ್ದಾರೆ’

ಕನ್ನಡದ ಎಂ.ಎ. ಕಿರುಪ್ರಬಂಧಗಳನ್ನು, ಪಿಎಚ್.ಡಿ. ಮಹಾಪ್ರಬಂಧಗಳನ್ನು ಓದುವ ಕೆಲಸವಿರುವವರಿಗೆ ಒಂದು ಬಗೆಯ ವಾಕ್ಯ ಬಾಯಿಪಾಠವಾಗಿರುತ್ತದೆ. ‘ಈ ಕೃತಿಯು ಸಮಾಜದ ಜ್ವಲಂತ ಸಮಸ್ಯೆಗಳಿಗೆ ಕನ್ನಡಿ ಹಿಡಿಯುತ್ತದೆ ಎಂದು ವಿಮರ್ಶಕರು ಅಭಿಪ್ರಾಯಪಟ್ಟಿದ್ದಾರೆ.’ ಯಾವ ವಿಮರ್ಶಕರು? ಯಾವ ವರ್ಷ? ಯಾರ ಮಾತಿಗೆ ಉತ್ತರವಾಗಿ ಇದನ್ನು ಹೇಳಿದರು? ಹೀಗೆಂದು ಕೇಳಿದರೆ ವಿದ್ಯಾರ್ಥಿ ಮಾರ್ಗದರ್ಶಕರ ಮುಖ ನೋಡುತ್ತಾನೆ. ಮಾರ್ಗದರ್ಶಕರು ಗಡಿಯಾರ ನೋಡುತ್ತಾರೆ.

ಕೆಲವು ವರ್ಷಗಳ ಹಿಂದೆ ನಾನೊಂದು ಮೌಖಿಕ ಪರೀಕ್ಷೆಯಲ್ಲಿ ಕುಳಿತಿದ್ದೆ. ಸಾರಾ ಅಬೂಬಕ್ಕರ್ ಅವರ ಕಾದಂಬರಿಗಳ ಮೇಲೆ ಬರೆದಿದ್ದ ಹುಡುಗಿ ಎದುರಿಗಿದ್ದಳು. ಪ್ರಬಂಧದ ಪುಟಪುಟದಲ್ಲೂ ವಿಮರ್ಶಕರ ಹೆಸರುಗಳಿದ್ದವು. ‘ಅವರ ಮಾತು ಇರಲಮ್ಮ, ಚಂದ್ರಗಿರಿಯ ತೀರದಲ್ಲಿ ಕಾದಂಬರಿಯ ಕೊನೆ ಓದಿದಾಗ ನಿನಗೇನನ್ನಿಸಿತು?’ ಎಂದೆ. ಬಹಳ ಹೊತ್ತು ಸುಮ್ಮನಿದ್ದು ಆಕೆ ಹೇಳಿದಳು: ‘ನಾದಿರಾ ಸಾಯೋದು ಮಸೀದಿಯ ಕೊಳದಲ್ಲಿ ಸರ್. ಅದು ವುಝೂ ಮಾಡೋ ನೀರು. ನಮ್ಮೂರ ಮಸೀದಿಯಲ್ಲೂ ಅಂಥ ಕೊಳ ಇದೆ. ಓದಿ ಎರಡು ದಿನ ಊಟ ಸೇರಲಿಲ್ಲ.’ ಇದು ಪ್ರಬಂಧದಲ್ಲಿ ಎಲ್ಲೂ ಇರಲಿಲ್ಲವಲ್ಲ ಎಂದು ಕೇಳಿದೆ. ಆಕೆ ಅಚ್ಚರಿಯಿಂದ, ‘ಅದನ್ನೆಲ್ಲ ಬರೀಬಹುದಾ ಸರ್?’ ಎಂದಳು.

ಈ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಕಾದಂಬರಿಯ ಬಗ್ಗೆ ಆಕೆಯೊಬ್ಬಳೇ ಹೇಳಬಹುದಾಗಿದ್ದ ಮಾತನ್ನು ಸಂಶೋಧನೆಗೆ ಅನರ್ಹವೆಂದು ಆಕೆಗೆ ನಾವು ಕಲಿಸಿದ್ದೆವು. ಯಾರು ಬೇಕಾದರೂ ಹೇಳಬಹುದಾದ ಮಾತುಗಳನ್ನು ಜೋಡಿಸುವುದೇ ಸಂಶೋಧನೆ ಎಂದೂ ಕಲಿಸಿದ್ದೆವು. ವಿದ್ಯಾರ್ಥಿಗಳು ವಿಮರ್ಶೆಯನ್ನು ಹೇಗೆ ಓದಬೇಕು, ತಮ್ಮ ಬರವಣಿಗೆಯಲ್ಲಿ ಹೇಗೆ ಬಳಸಬೇಕು ಎಂಬ ಚರ್ಚೆಯನ್ನು ಈ ಕೊಳದ ದಡದಿಂದಲೇ ಆರಂಭಿಸುವುದು ಒಳ್ಳೆಯದೆಂದು ತೋರುತ್ತದೆ.

*

ನಮ್ಮ ಬಹುಪಾಲು ಪ್ರಬಂಧಗಳಲ್ಲಿ ವಿಮರ್ಶೆಯು ಪ್ರಮಾಣಪತ್ರದ ಕೆಲಸ ಮಾಡುತ್ತದೆ. ತಹಶೀಲ್ದಾರರ ಸಹಿ ಇದ್ದರೆ ಆದಾಯ ಪತ್ರ ನಿಜವಾಗುವಂತೆ, ಕುರ್ತಕೋಟಿಯವರದೋ ಡಿ.ಆರ್. ನಾಗರಾಜ್ ಅವರದೋ ಹೆಸರಿದ್ದರೆ ಹೇಳಿಕೆ ನಿಜವಾಗುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಆದರೆ ವಿಮರ್ಶಕರು ಕೃತಿಯ ಬಗ್ಗೆ ತೀರ್ಪು ಕೊಡುವ ಅಧಿಕಾರಿಗಳಲ್ಲ. ಅವರು ನಮಗಿಂತ ಮೊದಲು ಆ ಕೃತಿಯನ್ನು ಓದಿದ, ನಮಗಿಂತ ಹೆಚ್ಚು ಓದಿರಬಹುದಾದ ಓದುಗರು. ತಮ್ಮ ಕಾಲದ ಯಾವುದೋ ಪ್ರಶ್ನೆಯನ್ನು ಇಟ್ಟುಕೊಂಡು ಓದಿದವರು. ಕುರ್ತಕೋಟಿಯವರ ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’ ಬಂದದ್ದು 1962ರಲ್ಲಿ. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು 1979ರಲ್ಲಿ. ಈ ಎರಡರ ನಡುವೆ ಕನ್ನಡದಲ್ಲಿ ‘ಒಳ್ಳೆಯ ಕೃತಿ ಯಾವುದು’ ಎಂಬ ಪ್ರಶ್ನೆಯೇ ಬದಲಾಗಿಹೋಗಿತ್ತು. ಪ್ರಶ್ನೆ ಯಾವುದೆಂದು ತಿಳಿಯದೆ ಉತ್ತರವನ್ನು ಮಾತ್ರ ಎತ್ತಿಕೊಂಡರೆ ಆ ಮಾತು ಯಾವ ಕೃತಿಗಾದರೂ ಹೊಂದುತ್ತದೆ, ಆದ್ದರಿಂದಲೇ ಯಾವ ಕೃತಿಗೂ ಹೊಂದುವುದಿಲ್ಲ.

ಈ ಪತ್ರಿಕೆಯ ಅನೇಕ ಓದುಗರಿಗೆ ಪರಿಚಿತವಾದ ಒಂದು ಪರಂಪರೆಯನ್ನು ಇಲ್ಲಿ ನೆನೆಯಬಹುದು. ಹದೀಸ್ ವಿದ್ವಾಂಸರು ಒಂದು ವರದಿಯನ್ನು ಎರಡು ಭಾಗವಾಗಿ ನೋಡುತ್ತಾರೆ. ಯಾರಿಂದ ಯಾರಿಗೆ ಬಂತು ಎಂಬ ಸರಪಳಿ ಇಸ್ನಾದ್; ವರದಿಯ ಒಡಲು ಮತ್ನ್. ಹೇಳಿದವನ ನೆನಪಿನ ಶಕ್ತಿ ಹೇಗಿತ್ತು, ಅವನು ಪ್ರಾಮಾಣಿಕನೇ, ತಾನು ಯಾರಿಂದ ಕೇಳಿದೆನೆನ್ನುತ್ತಾನೋ ಅವರನ್ನು ನಿಜವಾಗಿ ಭೇಟಿಯಾಗಿದ್ದನೇ ಎಂದು ಪರೀಕ್ಷಿಸಲು ನಿರೂಪಕರ ಜೀವನಚರಿತ್ರೆಗಳ ದೊಡ್ಡದೊಂದು ಶಾಸ್ತ್ರವೇ ಬೆಳೆಯಿತು. 870ರಲ್ಲಿ ತೀರಿಕೊಂಡ ಇಮಾಮ್ ಬುಖಾರಿಯವರ ಕಟ್ಟುನಿಟ್ಟು ಈ ವಿಷಯದಲ್ಲಿ ಪ್ರಸಿದ್ಧ. ಸಾಹಿತ್ಯ ವಿಮರ್ಶೆ ಧಾರ್ಮಿಕ ವರದಿಯಲ್ಲ, ಎರಡರ ಉದ್ದೇಶವೂ ಬೇರೆ. ಆದರೂ ಮಾತನ್ನು ಒಪ್ಪುವ ಮೊದಲು ಅದು ಬಂದ ದಾರಿಯನ್ನೂ ಅದರ ಒಡಲನ್ನೂ ಪರೀಕ್ಷಿಸಬೇಕೆಂಬ ಶಿಸ್ತು ನಮಗೆ ಹೊರಗಿನಿಂದ ಬರಬೇಕಾದದ್ದೇನಲ್ಲ.

ನಮ್ಮ ಪ್ರಬಂಧಗಳ ಸರಪಳಿಯನ್ನು ಹಿಡಿದುಕೊಂಡು ಹಿಂದಕ್ಕೆ ಹೋದರೆ ಆಗುವುದೇನು? ವಿದ್ಯಾರ್ಥಿ ಉದ್ಧರಿಸಿದ ಮಾತನ್ನು ಅವನು ಮೂಲದಲ್ಲಿ ಓದಿರುವುದಿಲ್ಲ. ಇನ್ನೊಂದು ಪ್ರಬಂಧದಲ್ಲಿ ಓದಿರುತ್ತಾನೆ. ಆ ಪ್ರಬಂಧದವರು ಯಾವುದೋ ಅಭಿನಂದನ ಗ್ರಂಥದಲ್ಲಿ ಓದಿರುತ್ತಾರೆ. ಅಭಿನಂದನ ಗ್ರಂಥದ ಲೇಖನ ಹುಟ್ಟಿದ್ದು ಸನ್ಮಾನದ ಸಂದರ್ಭದಲ್ಲಿ. ಅಲ್ಲಿ ಹೊಗಳದೆ ಇರಲು ಬರುವುದಿಲ್ಲ. ಸಮಾರಂಭದ ಸೌಜನ್ಯದ ಮಾತು ಹೀಗೆ ಮೂರು ಕೈ ದಾಟಿ ‘ಫಲಿತ’ವಾಗುತ್ತದೆ. ಯುಜಿಸಿಯ 2018ರ ಕೃತಿಚೌರ್ಯ ನಿಯಮದ ಪ್ರಕಾರ ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಆ ಗಡಿಯೊಳಗೆ ಬರಲು ವಿದ್ಯಾರ್ಥಿಗಳು ವಿಮರ್ಶಕರ ಪದಗಳನ್ನು ಬದಲಿಸಿ, ಹೆಸರನ್ನೂ ಬಿಟ್ಟುಬಿಡುವುದುಂಟು. ತಂತ್ರಾಂಶಕ್ಕೆ ಪದಗಳ ಹೋಲಿಕೆ ಗೊತ್ತಾಗುತ್ತದೆ, ಎರವಲು ತಂದ ಆಲೋಚನೆ ಗೊತ್ತಾಗುವುದಿಲ್ಲ. ಈಗ ಕೇಳಿದ ಕೂಡಲೇ ಪುಟಗಟ್ಟಲೆ ಬರೆದುಕೊಡುವ ಯಂತ್ರಗಳೂ ಬಂದಿವೆ. ಇಲ್ಲದ ಲೇಖನಕ್ಕೆ ಇರುವ ವಿಮರ್ಶಕರ ಹೆಸರು ಹಚ್ಚಿಕೊಡುವುದು ಅವುಗಳಿಗೆ ಕಷ್ಟವಲ್ಲ. ಅಲ್ಲಿ ಸರಪಳಿಯ ಮೊದಲ ಕೊಂಡಿಯೇ ಇರುವುದಿಲ್ಲ.

*

ಚಂದ್ರಗಿರಿಯ ಉದಾಹರಣೆಗೇ ಮರಳೋಣ. 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿಯನ್ನು ಪ್ರಬಂಧಗಳು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ಮುಗಿಸುತ್ತವೆ: ತಲಾಖ್‌ನಿಂದ ನೊಂದ ಮುಸ್ಲಿಂ ಹೆಣ್ಣಿನ ಕತೆ. ಇದು ಸುಳ್ಳಲ್ಲ. ಸಮುದಾಯದೊಳಗೆ ಆ ಮಾತನ್ನು ಹೇಳಲು ಸಾರಾ ತೋರಿದ ಧೈರ್ಯ ದೊಡ್ಡದು, ಅದಕ್ಕಾಗಿ ಅವರು ಎದುರಿಸಿದ ವಿರೋಧವೂ ಸಣ್ಣದಲ್ಲ. ಆದರೆ ಕಾದಂಬರಿಯನ್ನು ತೆರೆದು ನೋಡಿದರೆ ಈ ಸಾರಾಂಶ ಸಾಲದಾಗುತ್ತದೆ. ನಾದಿರಾ ಮತ್ತು ರಶೀದ್ ಇಬ್ಬರಿಗೂ ತಲಾಖ್ ಬೇಕಿರಲಿಲ್ಲ. ಅದನ್ನು ತರುವುದು ತಂದೆ ಮಹಮ್ಮದ್ ಖಾನನ ಹಟ. ಅಳಿಯನೊಂದಿಗಿನ ಹಣದ ವೈಮನಸ್ಯದಲ್ಲಿ ಅವನು ಮಗಳನ್ನು ತನ್ನ ಸೊತ್ತಿನಂತೆ ಹಿಂದಕ್ಕೆ ಪಡೆಯುತ್ತಾನೆ. ಇದೇ ಮನುಷ್ಯ ಹಿಂದೆ ಎಳೆಯ ಹುಡುಗಿ ಫಾತಿಮ್ಮಳನ್ನು ಮದುವೆಯಾಗಿ ತಂದವನು. ತಾಯಿ ಮಗಳಿಬ್ಬರ ಬದುಕೂ ಒಬ್ಬನೇ ಗಂಡಸಿನ ಅಂಗೈಯೊಳಗೆ ಸವೆಯುತ್ತದೆ.

ಹಾಗಾದರೆ ಕಾದಂಬರಿಯ ಕೇಂದ್ರದಲ್ಲಿರುವುದು ಗಂಡನ ಕೈಯಲ್ಲಿರುವ ತಲಾಖೋ, ತಂದೆಯ ಕೈಯಲ್ಲಿರುವ ಒಡೆತನವೋ? ಧರ್ಮದ ನಿಯಮವೋ, ನಿಯಮವನ್ನು ಆಯುಧ ಮಾಡಿಕೊಂಡ ಮನೆಯ ಯಜಮಾನಿಕೆಯೋ? ಮತ್ತೆ ಒಂದಾಗಬೇಕೆಂದಾಗ ನಾದಿರಾಳ ಎದುರು ಬಂದು ನಿಲ್ಲುವುದು ಇನ್ನೊಬ್ಬನೊಂದಿಗೆ ಒಂದು ರಾತ್ರಿಯ ಮದುವೆಯ ನಿಬಂಧನೆ. ಅಲ್ಲಿ ಯಜಮಾನಿಕೆ ಮತ್ತು ನಿಯಮ ಎರಡೂ ಒಂದಾಗುತ್ತವೆ. ಆಗ ಅವಳು ಕೊಳದ ಕಡೆ ನಡೆಯುತ್ತಾಳೆ. ಶುದ್ಧಿಗಾಗಿ ಇರುವ ನೀರೇ ಸಾವಿನ ನೀರಾಗುವುದನ್ನು ಗಮನಿಸಿದ ಓದುಗಿ, ಈ ಕಾದಂಬರಿ ಧರ್ಮವನ್ನು ನಿರಾಕರಿಸುತ್ತಿದೆಯೋ, ಅದರ ಶುದ್ಧಿಯ ಭಾಷೆಯನ್ನೇ ಅದರ ಕಾವಲುಗಾರರ ಮುಂದಿಟ್ಟು ನ್ಯಾಯ ಕೇಳುತ್ತಿದೆಯೋ ಎಂದು ಕೇಳಬಲ್ಲಳು. ಇದು ಸಂಶೋಧನೆಯ ಪ್ರಶ್ನೆ. ಇದಕ್ಕೆ ಎರಡೂ ಕಡೆಯ ಉತ್ತರಗಳಿವೆ, ಎರಡಕ್ಕೂ ಕೃತಿಯೊಳಗೆ ಆಧಾರ ಹುಡುಕಬಹುದು. ವಿಮರ್ಶಕರು ಬೇಕಾಗುವುದು ಈ ಹಂತದಲ್ಲಿ.

ಓದು ಮೊದಲು, ವಿಮರ್ಶೆ ಆಮೇಲೆ ಎನ್ನುವುದು ಸರಳ ಮಾತು. ಆದರೆ ಅದನ್ನು ಪಾಲಿಸಲು ವಿದ್ಯಾರ್ಥಿಗಳು ಹೆದರುತ್ತಾರೆ. ಈ ಹೆದರಿಕೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಕೇಂಬ್ರಿಡ್ಜಿನಲ್ಲಿ ಐ.ಎ. ರಿಚರ್ಡ್ಸ್ ತನ್ನ ವಿದ್ಯಾರ್ಥಿಗಳಿಗೆ ಕವಿಗಳ ಹೆಸರು ಮರೆಮಾಡಿ ಪದ್ಯಗಳನ್ನು ಕೊಟ್ಟು, ಅವರು ಬರೆದುಕೊಟ್ಟದ್ದನ್ನು 1929ರ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಪುಸ್ತಕದಲ್ಲಿ ವಿಶ್ಲೇಷಿಸಿದ. ಹೆಸರಿನ ಆಸರೆ ತಪ್ಪಿದೊಡನೆ ಒಳ್ಳೆಯ ವಿದ್ಯಾಭ್ಯಾಸ ಪಡೆದವರೂ ತಡವರಿಸಿದರು, ಸಿದ್ಧ ಅಭಿಪ್ರಾಯಗಳನ್ನು ಪದ್ಯದ ಮೇಲೆ ಹೇರಿದರು. ಆ ಪ್ರಯೋಗಕ್ಕೆ ಅದರದೇ ಮಿತಿಗಳಿವೆ. ಕೃತಿಯನ್ನು ಕಾಲದೇಶಗಳಿಂದ ಕಿತ್ತು ಓದಲಾಗದು ಎಂದು ಆಮೇಲಿನವರು ವಾದಿಸಿದ್ದು ಸರಿಯೇ. ಆದರೂ ಎದುರಿಗಿರುವ ಬರಹವನ್ನು ತಾನೇ ಓದುವ ಧೈರ್ಯ ಕಲಿಸದೆ ಉಳಿದದ್ದನ್ನು ಕಲಿಸಿ ಪ್ರಯೋಜನವಿಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತು. 11ನೆಯ ಶತಮಾನದ ಅರಬಿ ಮೀಮಾಂಸಕ ಅಬ್ದುಲ್ ಕಾಹಿರ್ ಅಲ್ ಜುರ್ಜಾನಿ ಕೂಡ ಮಾತಿನ ಸೊಬಗು ಬಿಡಿ ಪದದಲ್ಲಿಲ್ಲ, ಪದಗಳನ್ನು ಜೋಡಿಸಿದ ಬಗೆಯಲ್ಲಿದೆ ಎಂದು ವಿಸ್ತಾರವಾಗಿ ವಾದಿಸಿದ್ದಾನೆ. ಹೇಗೆ ಹೇಳಿದೆ ಎಂಬುದನ್ನು ಬಿಟ್ಟು ಏನು ಹೇಳಿದೆ ಎಂದಷ್ಟೇ ಬರೆದರೆ ಕಾದಂಬರಿಗೂ ಅರ್ಜಿಗೂ ವ್ಯತ್ಯಾಸ ಉಳಿಯುವುದಿಲ್ಲ.

*

ವಿಮರ್ಶೆಯ ಪರಿಭಾಷೆಯನ್ನು ಪರೀಕ್ಷಿಸದೆ ಬಳಸಿದಾಗ ಆಗುವ ಹಾನಿಗೆ ‘ಮುಸ್ಲಿಂ ಸಂವೇದನೆ’ ಎಂಬ ಪದ ಒಳ್ಳೆಯ ನಿದರ್ಶನ. ಬಂಡಾಯದ ಕಾಲಘಟ್ಟದಲ್ಲಿ, ದಲಿತ ಮತ್ತು ಸ್ತ್ರೀ ಸಂವೇದನೆಗಳ ಜೊತೆಗೆ ಈ ಪದ ಚಲಾವಣೆಗೆ ಬಂದದ್ದರಿಂದ ಬಹಳ ಉಪಕಾರವಾಯಿತು. ಕನ್ನಡ ಸಾಹಿತ್ಯ ಕಾಣದಿದ್ದ ಮನೆಗಳ ಬಾಗಿಲು ತೆರೆಯಿತು. ಅಂದು ಅದೊಂದು ವಾದವಾಗಿತ್ತು. ಇಂದು ಪ್ರಬಂಧಗಳಲ್ಲಿ ಅದು ಅಧ್ಯಾಯದ ಶೀರ್ಷಿಕೆಯಾಗಿದೆ. ಆ ಶೀರ್ಷಿಕೆಯ ಕೆಳಗೆ ಸಾರಾ, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ, ಬಾನು ಮುಷ್ತಾಕ್ ಅವರನ್ನು ಸಾಲಾಗಿ ಕೂರಿಸಲಾಗುತ್ತದೆ.

ಆದರೆ ಸಾರಾ ಅವರ ಲೋಕ 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ, ಮಲಯಾಳಂ ಮನೆಮಾತಿನ ಮುಸ್ಲಿಮರದು. ಬೊಳುವಾರರ ಮುತ್ತುಪ್ಪಾಡಿಯ ಹಿಂದೆ ದಕ್ಷಿಣ ಕನ್ನಡದ ಬ್ಯಾರಿ ಬದುಕಿದೆ. ಬಾನು ಅವರದು ಹಾಸನದ ಕಡೆಯ, ಮನೆಯಲ್ಲಿ ದಖನಿ ಉರ್ದು ಆಡುವ ಪರಿಸರ. ಕರಾವಳಿಯವರು ಬಹುಮಟ್ಟಿಗೆ ಶಾಫಿ ಪಂಥದವರು, ಒಳನಾಡಿನ ಉರ್ದು ಮಾತಿನವರು ಬಹುಮಟ್ಟಿಗೆ ಹನಫಿಗಳು. ಮಗಳ ಮದುವೆಯಲ್ಲಿ ತಂದೆಗಿರುವ ಅಧಿಕಾರದ ಕುರಿತು ಈ ಎರಡು ಪಂಥಗಳ ನಿಲುವು ಒಂದೇ ಅಲ್ಲ. ಮಹಮ್ಮದ್ ಖಾನನ ಯಜಮಾನಿಕೆಯನ್ನು ಚರ್ಚಿಸುವ ಸಂಶೋಧಕ ಇದನ್ನು ವಿಚಾರಿಸಬೇಡವೇ? ‘ಮುಸ್ಲಿಂ ಸಂವೇದನೆ’ ಎಂಬ ಒಂದೇ ಪದ ಈ ಎಲ್ಲ ವ್ಯತ್ಯಾಸಗಳ ಮೇಲೆ ಚಾದರ ಹೊದಿಸಿಬಿಡುತ್ತದೆ.

ಇನ್ನೊಂದು ತೊಡಕಿದೆ. ಸಾರಾ ಅಬೂಬಕ್ಕರ್ ಹುಟ್ಟಿದ್ದು 1936ರಲ್ಲಿ. ಕೆ.ಎಸ್. ನಿಸಾರ್ ಅಹಮದ್ ಹುಟ್ಟಿದ್ದೂ ಅದೇ ವರ್ಷ. ಮೊದಲನೆಯವರು ಈ ಪೆಟ್ಟಿಗೆಯೊಳಗೆ ಸುಲಭವಾಗಿ ಹಿಡಿಸುತ್ತಾರೆ, ನಿಸಾರ್ ಹಿಡಿಸುವುದಿಲ್ಲ. ಹೀಗಾಗಿ ನಿಸಾರರನ್ನು ‘ಮುಸ್ಲಿಂ ಸಂವೇದನೆ’ಯ ಪ್ರಬಂಧಗಳು ಒಂದು ಪ್ಯಾರಾದಲ್ಲಿ ದಾಟಿಸುತ್ತವೆ. ‘ನವ್ಯಕಾವ್ಯ’ದ ಪ್ರಬಂಧಗಳಲ್ಲಿ ಅವರು ಮುಸ್ಲಿಮರೆಂಬುದು ಸೌಹಾರ್ದದ ಒಂದು ವಾಕ್ಯವಾಗುತ್ತದೆ. ಒಂದು ಪರಿಕಲ್ಪನೆ ಎಲ್ಲಿ ಕೆಲಸ ಮಾಡುವುದಿಲ್ಲ ಎಂದು ತೋರಿಸುವುದೂ ಸಂಶೋಧನೆಯ ಸಾಧನೆ ಎಂದು ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುವುದಿಲ್ಲ.

*

ವಿಮರ್ಶೆಗೂ ತಾರೀಖು ಇರುತ್ತದೆ. ಚಂದ್ರಗಿರಿ ಧಾರಾವಾಹಿಯಾದದ್ದು ಶಾಬಾನು ಪ್ರಕರಣದ 1985ರ ತೀರ್ಪಿಗಿಂತ ಮೊದಲು. ತೀರ್ಪಿನ ನಂತರ ಅದನ್ನು ಓದಿದವರ ಕಿವಿಯಲ್ಲಿ ಆ ಗದ್ದಲವಿತ್ತು. 1992ರ ಡಿಸೆಂಬರ್ ಬಳಿಕ ಬರೆದ ವಿಮರ್ಶಕರಿಗೆ ಅದೇ ಕತೆಯನ್ನು ಬೇರೆಯವರು ಸಮುದಾಯದ ವಿರುದ್ಧ ಬಳಸಿಯಾರೆಂಬ ಆತಂಕವಿತ್ತು. 2017ರ ಸುಪ್ರೀಂ ಕೋರ್ಟ್ ತೀರ್ಪು ಮತ್ತು 2019ರ ಕಾಯಿದೆಯ ನಂತರ ಒಂದೇ ಉಸಿರಿನ ಮೂರು ತಲಾಖ್‌ನ ಕಾನೂನು ಸ್ಥಿತಿಯೇ ಬದಲಾಗಿದೆ. ಈ ನಾಲ್ಕು ಕಾಲದ ಮಾತುಗಳನ್ನು ಒಂದೇ ಪ್ಯಾರಾದಲ್ಲಿ ‘ವಿಮರ್ಶಕರು’ ಎಂಬ ಬಹುವಚನದಡಿ ಸುರಿದರೆ ಅವರವರ ಜಗಳವೂ ಕಾಳಜಿಯೂ ಅಳಿಸಿಹೋಗುತ್ತದೆ. ವರ್ಷವನ್ನು ಅಡಿಟಿಪ್ಪಣಿಯಲ್ಲಿ ಹಾಕಿದರೆ ಸಾಲದು, ವಾದದೊಳಕ್ಕೆ ತರಬೇಕು.

ಬಾನು ಮುಷ್ತಾಕ್ ಅವರ ವಿಷಯದಲ್ಲಿ ಇದು ಇನ್ನೂ ತುರ್ತಾಗಿದೆ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ ಹನ್ನೆರಡು ಕತೆಗಳ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆಯಿತು. ಕನ್ನಡಕ್ಕೆ ಸಂಭ್ರಮವಾಯಿತು, ಆಗಬೇಕಾದದ್ದೇ. ಇನ್ನು ಬರಲಿರುವ ಪ್ರಬಂಧಗಳಲ್ಲಿ ಇಂಗ್ಲಿಷ್ ಪತ್ರಿಕೆಗಳ ವಿಮರ್ಶೆಗಳು ಧಾರಾಳವಾಗಿ ಬರುತ್ತವೆ. ಅವನ್ನು ಬಳಸಬಾರದೆಂದಲ್ಲ. ಆದರೆ ಆ ವಿಮರ್ಶಕರು ಓದಿದ್ದು ಅನುವಾದಕಿ ಆಯ್ದ ಕತೆಗಳನ್ನು, ಅನುವಾದಕಿಯ ಇಂಗ್ಲಿಷಿನಲ್ಲಿ. ಉರ್ದು, ಅರಬಿ ಪದಗಳನ್ನು ಅಡಿಟಿಪ್ಪಣಿಯಿಲ್ಲದೆ ಹಾಗೆಯೇ ಉಳಿಸಿಕೊಂಡದ್ದು ಇಂಗ್ಲಿಷಿನಲ್ಲಿ ಒಂದು ದಿಟ್ಟ ನಿಲುವು. ಕನ್ನಡದ ಕತೆಯಲ್ಲಿ ಅವೇ ಪದಗಳು ಅಡುಗೆಮನೆಯ ಮಾತು. ಅನುವಾದದ ಗುಣವನ್ನು ಮೂಲದ ಶೈಲಿಯೆಂದು ಬರೆದರೆ ಇಬ್ಬರಿಗೂ ಅನ್ಯಾಯ. ‘ಕರಿ ನಾಗರಗಳು’ ಕತೆಯನ್ನು ಆಧರಿಸಿ 2004ರಲ್ಲಿ ಗಿರೀಶ್ ಕಾಸರವಳ್ಳಿಯವರು ‘ಹಸೀನಾ’ ಚಿತ್ರ ಮಾಡಿದರು. ಕತೆಯಲ್ಲಿ ಗಂಡ ಬಿಟ್ಟುಹೋದ ಹೆಣ್ಣಿನ ಹೆಸರು ಅಶ್ರಫ್. ಚಿತ್ರ ನೋಡಿ ಕತೆಯ ಬಗ್ಗೆ ಬರೆದವರು ಸಿಕ್ಕಿಬೀಳುವುದು ಈ ಹೆಸರಿನಲ್ಲೇ.

ಅದೇ ಕತೆಯಲ್ಲಿ ಅಶ್ರಫ್‌ಗೆ ಅನ್ಯಾಯ ಮಾಡುವ ಮಸೀದಿಯ ಮುತವಲ್ಲಿಯೂ ಇದ್ದಾನೆ, ಧರ್ಮವೇ ಅವಳಿಗೆ ಕೊಟ್ಟ ಹಕ್ಕುಗಳನ್ನು ತಿಳಿಸಿ ಹೇಳುವ ಹೆಂಗಸೂ ಇದ್ದಾಳೆ. ಧರ್ಮದ ಹೆಸರಿನಲ್ಲಿ ನಡೆಯುವ ಅಧಿಕಾರವನ್ನು ಧರ್ಮದ ಜ್ಞಾನದಿಂದಲೇ ಪ್ರಶ್ನಿಸುವ ಈ ಜಗಳ ಕತೆಯೊಳಗಿದೆ. ಪಾಶ್ಚಾತ್ಯ ಸಿದ್ಧಾಂತವೊಂದನ್ನು ಮೊದಲ ಅಧ್ಯಾಯದಲ್ಲಿ ವಿವರಿಸಿ, ಮೂರನೆಯ ಅಧ್ಯಾಯದಲ್ಲಿ ಕತೆಯನ್ನು ಅದರೊಳಗೆ ತುರುಕುವ ಪದ್ಧತಿಗೆ ಇದು ಕಾಣುವುದಿಲ್ಲ. ಎಡ್ವರ್ಡ್ ಸೈದ್ 1978ರಲ್ಲಿ ‘ಓರಿಯಂಟಲಿಸಂ’ ಬರೆದದ್ದೇ ಪರಂಪರಾಗತವಾಗಿ ಬಂದ ಸಿದ್ಧ ಚಿತ್ರಗಳನ್ನು ಅನುಮಾನಿಸಲು. ಅವನ ಹೆಸರನ್ನೇ ಸಿದ್ಧ ಅಚ್ಚಿನಂತೆ ಬಳಸುವುದು ವಿಪರ್ಯಾಸವೇ ಸರಿ.

*

ಹಾಗಾದರೆ ಮಾಡಬೇಕಾದದ್ದೇನು? ನಾನು ವಿದ್ಯಾರ್ಥಿಗಳಿಗೆ ಹೇಳುವ ಕ್ರಮ ದೊಡ್ಡದೇನಲ್ಲ. ಕೃತಿಯನ್ನು ಎರಡು ಸಲ ಓದಿ, ಯಾವ ವಿಮರ್ಶೆಯನ್ನೂ ಮುಟ್ಟುವ ಮೊದಲು ನಿಮಗೆ ತಿಳಿಯದೆ ಹೋದದ್ದನ್ನು, ಕಾಡಿದ್ದನ್ನು ನಾಲ್ಕು ಪುಟ ಬರೆದಿಡಿ. ಆಮೇಲೆ ವಿಮರ್ಶೆಗೆ ಹೋಗಿ. ಪ್ರತಿ ಲೇಖನಕ್ಕೂ ಐದು ಪ್ರಶ್ನೆ ಕೇಳಿ: ಇವರು ಯಾವ ಪ್ರಶ್ನೆಗೆ ಉತ್ತರಿಸುತ್ತಿದ್ದಾರೆ, ಯಾವಾಗ, ಕೃತಿಯ ಯಾವ ಭಾಗವನ್ನು ಆಧಾರವಾಗಿ ತೋರಿಸುತ್ತಾರೆ, ಯಾವುದನ್ನು ಬಿಟ್ಟಿದ್ದಾರೆ, ಯಾರನ್ನು ಒಪ್ಪುತ್ತಿಲ್ಲ. ಒಂದೇ ಕೃತಿಯ ಬಗ್ಗೆ ಭಿನ್ನವಾಗಿ ಹೇಳಿದ ಇಬ್ಬರನ್ನಾದರೂ ಎದುರುಬದುರು ಕೂರಿಸಿ. ಅವರ ಭಿನ್ನಾಭಿಪ್ರಾಯ ಎಲ್ಲಿ ಹುಟ್ಟಿತೆಂದು ಕೃತಿಯೊಳಗೆ ಹುಡುಕಿ. ಇಸ್ಲಾಮಿನ ಜ್ಞಾನಪರಂಪರೆಯಲ್ಲಿ ವಿದ್ವಾಂಸರ ಇಖ್ತಿಲಾಫ್‌ಗೆ, ಅಂದರೆ ಭಿನ್ನಮತಕ್ಕೆ ಗೌರವದ ಸ್ಥಾನವಿದೆ. ಭಿನ್ನಮತಗಳನ್ನು ದಾಖಲಿಸಲೆಂದೇ ಗ್ರಂಥಗಳು ಬಂದಿವೆ.

ಬರೆಯುವಾಗಿನ ವ್ಯತ್ಯಾಸವನ್ನು ಒಂದು ಉದಾಹರಣೆಯಿಂದ ಹೇಳಬಹುದು. ‘ಈ ಕಾದಂಬರಿ ತಲಾಖ್‌ನ ಸಮಸ್ಯೆಯನ್ನು ಚಿತ್ರಿಸುತ್ತದೆ ಎಂದು ವಿಮರ್ಶಕರು ಹೇಳಿದ್ದಾರೆ’ ಎಂದರೆ ಅಲ್ಲಿಗೆ ಮಾತು ಮುಗಿಯಿತು. ‘ಇದನ್ನು ತಲಾಖ್‌ನ ಕಾದಂಬರಿಯೆಂದು ಓದುವ ವಾಡಿಕೆಯಿದೆ. ಕೊನೆಯ ಭಾಗಕ್ಕೆ ಅದು ಒಪ್ಪುತ್ತದೆ. ಆದರೆ ಫಾತಿಮ್ಮಳ ಬಾಲ್ಯವಿವಾಹದಿಂದ ಆರಂಭಿಸಿ ತಂದೆಯ ಅಧಿಕಾರವನ್ನು ಕಟ್ಟುತ್ತ ಬರುವ ಭಾಗಗಳಿಗೆ ಆ ಓದು ಉತ್ತರ ಕೊಡುವುದಿಲ್ಲ. ಈ ಅಧ್ಯಾಯ ಆ ಭಾಗಗಳನ್ನು ಪರಿಶೀಲಿಸುತ್ತದೆ’ ಎಂದರೆ ಹಿಂದಿನ ವಿಮರ್ಶೆಗೆ ಮರ್ಯಾದೆಯೂ ಸಿಕ್ಕಿತು, ವಿದ್ಯಾರ್ಥಿಗೆ ನಿಲ್ಲಲು ಜಾಗವೂ ಸಿಕ್ಕಿತು. ವಿಮರ್ಶಕರನ್ನು ಒಪ್ಪದಿರುವುದು ಅವಿನಯವಲ್ಲ. ಓದದೆ ಒಪ್ಪುವುದೇ ಅವಿನಯ.

ಈ ಮಾತು ತರಗತಿಯ ಗೋಡೆಯೊಳಗೆ ನಿಲ್ಲುವುದಿಲ್ಲ. ಮುಸ್ಲಿಂ ಲೇಖಕರ ಕೃತಿಗಳಿಗೆ ಕನ್ನಡದಲ್ಲಿ ಎರಡು ಬಗೆಯ ಅವಸರದ ಓದುಗರಿದ್ದಾರೆ. ಒಬ್ಬರು ಇಡೀ ಸಮುದಾಯದ ವಿರುದ್ಧ ಸಾಕ್ಷಿ ಹುಡುಕುತ್ತಾರೆ. ಇನ್ನೊಬ್ಬರು ನಮ್ಮ ಮನೆಯ ಮಾತು ಬೀದಿಗೆ ಬಂತೆಂದು ಲೇಖಕಿಯನ್ನೇ ಕಟಕಟೆಗೆ ನಿಲ್ಲಿಸುತ್ತಾರೆ. ಇಬ್ಬರೂ ಕೃತಿಯನ್ನು ಪೂರ್ತಿ ಓದಿರುವುದಿಲ್ಲ, ಇಬ್ಬರೂ ಯಾರೋ ಹೇಳಿದ್ದನ್ನು ನಂಬಿರುತ್ತಾರೆ. ವಿಶ್ವವಿದ್ಯಾಲಯದ ಪ್ರಬಂಧವೂ ಇದನ್ನೇ ಅಡಿಟಿಪ್ಪಣಿ ಸಮೇತ ಮಾಡಿದರೆ, ನಿಧಾನವಾಗಿ ಓದುವವರು ಉಳಿಯುವುದೆಲ್ಲಿ? ಮಸೀದಿಯ ಕೊಳವನ್ನು ಬಲ್ಲ, ಕನ್ನಡವನ್ನೂ ಬಲ್ಲ ಒಂದು ತಲೆಮಾರಿನ ಹೆಣ್ಣುಮಕ್ಕಳು ಈಗ ಸಂಶೋಧನೆಗೆ ಬರುತ್ತಿದ್ದಾರೆ. ಅವರಿಗೆ ಕಾಣುವುದು ನಮ್ಮ ಹಿರಿಯ ವಿಮರ್ಶಕರಿಗೆ ಕಂಡಿರಲಿಕ್ಕಿಲ್ಲ. ಅದು ಹಿರಿಯರ ತಪ್ಪಲ್ಲ. ಆದರೆ ಅದನ್ನು ಬರೆಯಗೊಡದಿರುವುದು ನಮ್ಮ ತಪ್ಪು.

ಆ ದಿನ ಮೌಖಿಕ ಪರೀಕ್ಷೆ ಮುಗಿದ ಮೇಲೆ ಹುಡುಗಿಗೆ ಹೇಳಿದೆ: ‘ಬರೀಬಹುದಮ್ಮ. ಅದನ್ನೇ ಮೊದಲು ಬರಿ. ಉಳಿದವರು ಏನು ಹೇಳಿದ್ದಾರೆ ಅಂತ ಆಮೇಲೆ ನೋಡೋಣ.’ ಪದವಿ ಅವಳಿಗೆ ಸಿಕ್ಕಿತು. ಆ ನಾಲ್ಕು ಪುಟಗಳಿಗಾಗಿ ನಾನಿನ್ನೂ ಕಾಯುತ್ತಿದ್ದೇನೆ.